ಎರಡೇ ಸೀಟಿನ ಗಾಡಿ

ಸಾಯುವುದಕ್ಕೆ ಮೊದಲು ಆ ಕಾರು ಕೆಮ್ಮುವುದಿಲ್ಲ, ನಡುಗುವುದಿಲ್ಲ, ಒಂದು ಸೂಚನೆಯನ್ನೂ ಕೊಡುವುದಿಲ್ಲ. ಗಂಗಾಧರನನ್ನು ಹೆಚ್ಚು ಚುಚ್ಚುತ್ತಿದ್ದದ್ದು ಇದೇ. ಕೊಟ್ಟೂರು ಬಿಟ್ಟು ಹರಪನಹಳ್ಳಿಯ ಕಡೆಗೆ ಅರ್ಧ ದಾರಿ ಚೆನ್ನಾಗಿಯೇ ಬಂದಿತ್ತು. ರಸ್ತೆಯ ಒಂದು ಮಗ್ಗುಲಿಗೆ ಮೆಕ್ಕೆಜೋಳ ಒಣಹಾಕಿದ್ದರು; ಅದರ ಅಂಚು ತುಳಿಯದ ಹಾಗೆ ಅವನು ಹುಷಾರಾಗಿ, ಪಕ್ಕದಲ್ಲಿ ಕೂತ ಹೆಂಡತಿ ಆ ಹುಷಾರನ್ನು ಗಮನಿಸುತ್ತಿದ್ದಾಳೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡುತ್ತ ಹೊಡೆಯುತ್ತಿದ್ದ. ರೈಲ್ವೆ ಗೇಟಿನ ಉಬ್ಬು ಹತ್ತಿ ಇಳಿದದ್ದೇ ತಡ, ಕಾರಿನ ಬಲವೆಲ್ಲ ಯಾರೋ ಹಿಂದಿನಿಂದ ಎಳೆದುಕೊಂಡ ಹಾಗೆ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಎದುರಿನ ಮುಳ್ಳುಗಳೆಲ್ಲ ಒಟ್ಟಿಗೆ ಸೊನ್ನೆಗೆ ಮಲಗಿದವು. ರೇಡಿಯೋದಲ್ಲಿ ಯಾರೋ ಹಾಡುತ್ತಿದ್ದವಳು ಪದದ ನಡುವೆಯೇ ಬಾಯಿ ಮುಚ್ಚಿಕೊಂಡಳು. ಕೆಂಪು ಕಾರು ತನ್ನ ಭಾರಕ್ಕೇ ಸ್ವಲ್ಪ ದೂರ ಉರುಳಿ ಒಂದು ಜಾಲಿ ಗಿಡದ ಎದುರು ನಿಂತುಬಿಟ್ಟಿತು. ನಿಂತಮೇಲೆ ಬರುವ ಆ ಮೌನದಲ್ಲಿ ಅವನಿಗೆ ತನ್ನ ಉಸಿರೇ ಕೇಳಿಸಿತು, ಮದುವೆಮನೆಯಲ್ಲಿ ಎಲ್ಲರೂ ಎದ್ದುಹೋದಮೇಲೂ ಒಬ್ಬನೇ ಉಣ್ಣುತ್ತ ಕೂತವನ ಬಾಯಿಯ ಸಪ್ಪಳದ ಹಾಗೆ.

ಕುರಿಗಳನ್ನು ದಾಟಿಸಿಕೊಂಡು ಬರುತ್ತಿದ್ದ ಗಾದೆಪ್ಪ ಕೋಲಿನ ಮೇಲೆ ಗದ್ದ ಊರಿ ನಿಂತ. ಹೋದ ಸಲವೂ ಗಾಡಿ ನಿಂತದ್ದು ಈ ಗೇಟಿನ ಹತ್ತಿರವೇ, ಆವಾಗಲೂ ಅವನೇ ಇದ್ದ.

"ಏನ್ ಸಾವ್ಕಾರ್ರ, ಮತ್ತ ಮಲಗೇತೇನು?"

"ಬಿಸಿ ಆಗೇತಿ. ಆರ್ಲಿ ಅಂತ ನಿಲ್ಸೀನಿ."

"ಆರ್ಸ್ರಿ, ಆರ್ಸ್ರಿ. ನನ್ನ ಟಗರೂ ಹಿಂಗ, ಕುಂತ್ರ ಏಳಂಗಿಲ್ಲ. ಆದ್ರ ಅದಕ್ಕ ಪೆಟ್ರೋಲ್ ಹಾಕಂಗಿಲ್ಲ ನೋಡ್ರಿ."

ಗೀತಾಂಜಲಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎನ್ನಿಸಿತು ಗಂಗಾಧರನಿಗೆ, ಬೈಯಬಹುದಿತ್ತು. ಅವಳು ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಗಾಬರಿಯಿಲ್ಲ, ಬೇಸರವಿಲ್ಲ. ಬಹಳ ಹೊತ್ತಿನಿಂದ ಬಸ್ಸಿಗೆ ಕಾದವರು ತಿರುವಿನಲ್ಲಿ ಬಸ್ಸಿನ ಮೂತಿ ಕಂಡಾಗ ಸೆರಗು ಸರಿಮಾಡಿಕೊಳ್ಳುತ್ತಾರಲ್ಲ, ಅಂಥದ್ದೇನೋ ಇತ್ತು. ಅದನ್ನು ಅವನು ಮೊದಲೂ ನೋಡಿದ್ದ. ಗಾಡಿ ಕೆಟ್ಟರೆ ಇವಳಿಗೆ ಯಾಕೆ ಈ ಕಳೆ? ಕೆಟ್ಟರೆ ಹರಪನಹಳ್ಳಿಗೆ ಹೋಗಬೇಕು. ಹರಪನಹಳ್ಳಿಯಲ್ಲಿ ಅಂಜಿನಿಯ ಗ್ಯಾರೇಜು. ಅಲ್ಲಿಗೆ ಬಂದು ಅವನ ಯೋಚನೆ ದಿನವೂ ನಿಲ್ಲುತ್ತಿತ್ತು. ಅದರಾಚೆಗೆ ತಳ್ಳಿದರೂ ಹೋಗುತ್ತಿರಲಿಲ್ಲ.

"ನಾ ನೋಡ್ಲೇನ್ರಿ?" ಅಂದಳು ಗೀತಾಂಜಲಿ.

ಅವನು ಕೀಲಿಕೈ ಎಳೆದ. ಎಳೆದರೆ ಅದರ ಹಿಂದೆ ಇಡೀ ಗೊಂಚಲು ಝಣಝಣ ಎಂದು ಬಂತು: ಕಬ್ಬಿಣ ಸಿಮೆಂಟಿನ ಅಂಗಡಿಯ ಷಟರಿನವು, ಗೋದಾಮಿನ ಹಿತ್ತಾಳೆಯದು, ಗಲ್ಲಾಪೆಟ್ಟಿಗೆಯದು, ಒಳಕೋಣೆಯ ಅಲಮಾರಿಯದು, ಅವ್ವನ ಟ್ರಂಕಿನದು, ಯಾವ ಬೀಗದ್ದೆಂದು ಈಗ ಯಾರಿಗೂ ಗೊತ್ತಿಲ್ಲದ ಇನ್ನೂ ಕೆಲವು, ಅವುಗಳ ನಡುವೆ ಅವ್ವ ಕಿವಿ ಚೊಕ್ಕ ಮಾಡಿಕೊಳ್ಳುತ್ತಿದ್ದ ಬೆಳ್ಳಿಯ ಗುಗ್ಗಿಕಡ್ಡಿ. ಉಗುರಿನಿಂದ ಗೊಂಚಲಿನ ಬಳೆಯನ್ನು ಬಿಡಿಸಿ ಕಾರಿನದೊಂದನ್ನೇ ಸುತ್ತಿ ಸುತ್ತಿ ಹೊರಗೆ ತೆಗೆದ. ಇದರಲ್ಲಿ ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ ಕೆಳಗೆ ನೋಡಬೇಕಾಗಿರಲಿಲ್ಲ. ಒಂದು ಕೀಲಿಕೈಯನ್ನು ಅವಳ ಅಂಗೈಗೆ ಹಾಕಿ ಗೊಂಚಲನ್ನು ಜೇಬಿಗೆ ಇಳಿಸಿದ. ಇಬ್ಬರೂ ಇಳಿದು, ಬಾನೆಟ್ಟಿನ ಮುಂದೆ ಒಬ್ಬರಿಗೊಬ್ಬರು ತಗಲದ ಹಾಗೆ ದಾಟಿ, ಜಾಗ ಬದಲಿಸಿಕೊಂಡರು. ಅವಳು ಚಪ್ಪಲಿ ಬಿಟ್ಟು ಬರಿಗಾಲನ್ನು ಪೆಡಲ್ಲಿನ ಮೇಲಿಟ್ಟಳು. ಕೀಲಿಕೈ ತಿರುಗಿತು. ಕಾರು ಮೊದಲ ಮಾತಿಗೇ ಎದ್ದಿತು, ಏನೂ ಆಗಿರಲೇ ಇಲ್ಲ ಎಂಬ ಹಾಗೆ.

"ಹಾಂ! ಅಕ್ಕಾರ ಕೈಗುಣ!" ಎಂದು ಗಾದೆಪ್ಪ ಹಿಂದಿನಿಂದ ಕೂಗಿದ್ದು ಗಾಳಿಯಲ್ಲಿ ಬಂತು.

ಈ ಕಾರನ್ನು ಅವನು ಮೊದಲು ನೋಡಿದ್ದು ಕೂಡ್ಲಿಗಿಯ ಹೆದ್ದಾರಿಯಲ್ಲಿ, ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳಲ್ಲಿ. ಲಾರಿಗಳ ಕೆಂಧೂಳಿನೊಳಗಿಂದ ಇದು ತಟ್ಟನೆ ಹೊರಬಂದಿತ್ತು. ನೆಲಕ್ಕೆ ಅಂಟಿದ ಹಾಗೆ, ಮೇಲೆ ಛಾವಣಿಯಿಲ್ಲದೆ, ಗಣಿಯವನೊಬ್ಬ ಕರಿಯ ಕನ್ನಡಕ ಹಾಕಿಕೊಂಡು, ಅವನ ಪಕ್ಕದ ಹೆಂಗಸಿನ ಕೂದಲು ಹಿಂದಕ್ಕೆ ಹಾರುತ್ತ. ಆ ಹೆಂಗಸು ಗಾಡಿ ಹೊಡೆಯುವವನ ಕಡೆ ತಿರುಗಿ ಏನೋ ಹೇಳಿ ನಗುತ್ತಿದ್ದಳು. ಚಹಾದ ಅಂಗಡಿಯ ಮುಂದೆ ಲೋಟ ಹಿಡಿದು ನಿಂತಿದ್ದ ಗಂಗಾಧರನಿಗೆ ಬೇಕೆನ್ನಿಸಿದ್ದು ಕಾರಲ್ಲ, ಆ ಹೆಂಗಸೂ ಅಲ್ಲ. ಹಾಗೆ ತಿರುಗಿ ನಗುವ ಒಂದು ಮುಖ. ಗಣಿಗಳು ಮುಚ್ಚಿ ಎಷ್ಟೋ ವರ್ಷವಾದಮೇಲೆ ಬಣ್ಣ ಮಾಸಿದ ಅದೇ ಕಾರು ಮಾರಾಟಕ್ಕಿದೆಯೆಂದು ಕೇಳಿದಾಗ ಅವನು ಮನೆಯಲ್ಲಿ ಹೇಳದೆ ಹೋಗಿ ತಂದ. ಅಂಗಡಿಯವರು ಆಡಿಕೊಂಡರು, ಎರಡೇ ಸೀಟಿನ ಗಾಡಿಯಲ್ಲಿ ಸಿಮೆಂಟಿನ ಚೀಲ ಎಲ್ಲಿ ಇಡುತ್ತೀರಿ ಎಂದು. ಗೀತಾಂಜಲಿ ಮಾತ್ರ ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ, ಎಮ್ಮೆ ಕೊಳ್ಳುವವರು ಮೈ ಸವರುವ ಹಾಗೆ ಅದರ ಮೈ ಸವರಿ, "ಗೇರು ಸಣ್ಣದಾವ, ಚಲೋ ಬೀಳ್ತಾವ" ಅಂದಳು. ಅವಳು ಹೊಳಲಿನವಳು. ತವರಿನಲ್ಲಿ ಅಪ್ಪನ ಟ್ರ್ಯಾಕ್ಟರು, ಜೀಪು ಎಲ್ಲ ಹೊಡೆಯುತ್ತಿದ್ದಳೆಂದು ಮದುವೆಯ ಮಾತುಕತೆಯಲ್ಲಿ ಯಾರೋ ಹೇಳಿದ್ದರು. ಆಮೇಲೆ ಆ ಮಾತನ್ನು ಯಾರೂ ಎತ್ತಿರಲಿಲ್ಲ. ಕಾರು ಮೊದಲ ಸಲ ನಿಂತ ದಿನ, ಬೆವರಿಳಿದು ಸಾಕಾಗಿ, ಬೇರೆ ದಾರಿಯಿಲ್ಲದೆ ಅವನು ಅವಳ ಕೈಗೆ ಕೊಟ್ಟಿದ್ದ. ಆವತ್ತಿನಿಂದ ಹೀಗೆ. ಅವನು ಹೊಡೆದರೆ ಸಾಯುತ್ತದೆ, ಅವಳು ಹೊಡೆದರೆ ಬದುಕುತ್ತದೆ. ಹೊಡೆಯುವಾಗ ಅವಳ ಕೂದಲು ಹಾರುತ್ತದೆ. ಆದರೆ ಅವಳು ತಿರುಗುವುದಿಲ್ಲ.

ಇವತ್ತು ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳುತ್ತ ಕನ್ನಡಿಯೊಳಗಿಂದಲೇ ಅವನು ಅವಳಿಗೆ ಹೇಳಿದ್ದ: "ಇದ ಕಡೀ ಸಲ. ಇವತ್ತು ಅಂಜಿನಿ ಕೈಲಿ ರಿಪೇರಿ ಆಗ್ಲಿಲ್ಲಂದ್ರ ಸಂಜಿಗೆ ಕೊಳ್ಳಾಕ ಕೇಳಿದ ಹಡಗಲಿಯವರಿಗೆ ಗಾಡಿ ಕೊಟ್ಟುಬಿಡ್ತೀನಿ. ಹರಪನಹಳ್ಳಿ ತಿರುಗೋದು ಬಂದಾಗಲಿ." ಕನ್ನಡಿಯಲ್ಲಿ ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಅವಳ ಕೈ ಒಂದು ಕ್ಷಣ ನಿಂತಿತು. ಆ ಒಂದು ಕ್ಷಣವನ್ನು ಅವನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದ, ಇನ್ನೂ ಬೇಕಾಗುತ್ತದೆ ಎಂದು.

ಅಂಜಿನಿಯ ಗ್ಯಾರೇಜು ತೆಲಿಗಿ ರಸ್ತೆಯ ಬಾಯಿಗೇ ಇತ್ತು, ಒಂದು ಬೇವಿನ ಮರ, ಅದರ ಕೆಳಗೆ ಪಂಕ್ಚರ್ ಹಾಕುವ ಗಾದಿಲಿಂಗಪ್ಪನ ಪೆಟ್ಟಿಗೆ, ಕೂರುವುದಕ್ಕೆ ಲಾರಿಯ ಹಳೆ ಸೀಟು. ಅಂಜಿನಿ ನಲವತ್ತರ ಒಳಗಿನವನು, ಕುತ್ತಿಗೆಯಲ್ಲಿ ತಾಯಿತ, ಮೊಣಕೈವರೆಗೆ ಕರಿ. ಕಾರು ಒಳಗೆ ಬರುತ್ತಲೇ ಅವನು ಕೆಲಸ ಬಿಟ್ಟು ಎದ್ದು ಬಂದು, "ಬರ್ರಿ ಅಕ್ಕಾರ, ಬರ್ರಿ ಸಾವ್ಕಾರ್ರ" ಅಂದ. ಅಕ್ಕ ಮೊದಲು, ಸಾವ್ಕಾರ ಆಮೇಲೆ. ಹೊಡೆಯುತ್ತಿದ್ದವಳು ಅವಳಾದ್ದರಿಂದ ಮೊದಲು ಕಂಡದ್ದು ಅವಳೇ, ಅದಕ್ಕೆ ಹಾಗೆಂದನು ಎಂದು ಗಂಗಾಧರ ತನಗೇ ಸಮಾಧಾನ ಹೇಳಿಕೊಂಡ. ಸಮಾಧಾನ ಆಗಲಿಲ್ಲ. ಅಕ್ಕ ಎಂದು ಕರೆಯುವವನ ಬಗ್ಗೆ ಹೀಗೆ ಯೋಚಿಸುವುದು ನೀಚತನ ಎಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಯೋಚನೆ ನಿಲ್ಲದ್ದರಿಂದ ತಾನು ನೀಚನೆಂದಾಯಿತು, ತನ್ನನ್ನು ನೀಚನನ್ನಾಗಿ ಮಾಡಿದ್ದಕ್ಕೆ ಅಂಜಿನಿಯ ಮೇಲೆ ಇನ್ನಷ್ಟು ಸಿಟ್ಟು ಬಂತು.

"ಏನೈತ್ರಿ ಬದಲು ಮಾಡೋದು ಇನ್ನ?" ಅಂಜಿನಿ ಬಾನೆಟ್ಟು ಎತ್ತಿದ. "ಪೆಟ್ರೋಲ್ ಪಂಪ್ ಹೊಸಾದು. ಫಿಲ್ಟರ್ ಹೊಸಾದು. ಕಾಯಿಲ್ಲು, ಪ್ಲಗ್ಗು, ಹುಬ್ಬಳ್ಳಿಯಿಂದ ತರಿಸಿದ ಸೆನ್ಸರು. ಮಷೀನ್ ಹಚ್ಚಿ ನೋಡಿದ್ರ ಏನೂ ತೋರ್ಸಂಗಿಲ್ಲ, ಆರಾಮ್ ಅದೀನಿ ಅಂತೈತಿ. ಒಂದ ಹೇಳ್ರಿ ಸಾವ್ಕಾರ್ರ, ಸಾಯೋಕಿಂತ ಮೊದ್ಲ ಜಗ್ಗತೈತೋ, ಒಮ್ಮಿಗೇ ಹೋಗತೈತೋ?"

"ಹೋಗಿ ಬಂದು ಮಾಡತೈತಿ. ಆಮ್ಯಾಲ ಪೂರಾ ಹೋಗತೈತಿ."

"ಅವಾಗ ಹಾಡು? ರೇಡಿಯೋ ಹಾಡ್ತಿರತೈತೋ?"

ಗಂಗಾಧರ ನೆನಪಿಸಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಗೀತಾಂಜಲಿ ಹೇಳಿದಳು: "ಹಾಡೂ ನಿಲ್ಲತೈತಿ, ಮುಳ್ಳೂ ಬೀಳತಾವ, ಎಲ್ಲಾ ಒಂದ ಸಲಕ್ಕ."

"ನೋಡ್ರಿ ಮತ್ತ! ಇದು ಪೆಟ್ರೋಲಿಂದಲ್ಲ, ಕರೆಂಟಿಂದು. ಎಲ್ಲೋ ಕೈ ಬಿಡತೈತಿ, ಮತ್ತ ಹಿಡಿತೈತಿ. ಅಕ್ಕಾರ ಮೊದ್ಲ ಹೇಳಬೇಕಿಲ್ಲೇನ್ರಿ!"

"ನೀ ಕೇಳಿದ್ದಿ ಏನು?" ಅಂದು ಅವಳು ನಕ್ಕಳು. ಸಣ್ಣ ನಗು, ಮೂಗಿನಲ್ಲಿ ಬಂದು ಮೂಗಿನಲ್ಲೇ ಹೋದದ್ದು. ಆದರೆ ಅದು ಅಂಜಿನಿಯ ಕಡೆಗೆ ತಿರುಗಿದ್ದ ಮುಖದಲ್ಲಿತ್ತು. ಪಕ್ಕದಲ್ಲಿ ಕೂತು ಇವಳು ಇಷ್ಟೆಲ್ಲ ಗಮನಿಸಿದ್ದಾಳೆ, ಗಮನಿಸಿದ್ದನ್ನು ತನಗೆ ಹೇಳಿಲ್ಲ, ಬೇರೆಯವನು ಕೇಳುವವರೆಗೆ ಬಾಯಲ್ಲಿ ಹಿಡಿದುಕೊಂಡಿದ್ದಾಳೆ. ಇನ್ನೂ ಏನೇನು ಹಿಡಿದುಕೊಂಡಿದ್ದಾಳೋ. ಗಂಗಾಧರ ಜೇಬಿನೊಳಗೆ ಗೊಂಚಲನ್ನು ಮುಷ್ಟಿ ಮಾಡಿ ಹಿಡಿದ. ಯಾವುದೋ ಕೀಲಿಕೈಯ ಹಲ್ಲು ಅಂಗೈಗೆ ಚುಚ್ಚಿತು, ಚುಚ್ಚಲಿ ಎಂದು ಬಿಟ್ಟ.

ಅಂಜಿನಿ ಬ್ಯಾಟರಿಯ ತಂತಿಗಳನ್ನು ಬಿಗಿಮಾಡಿದ, ಬಾನೆಟ್ಟಿನ ಒಳಗಿನ ವೈರುಗಳನ್ನೆಲ್ಲ ಒಂದೊಂದಾಗಿ ಜಗ್ಗಿ ನೋಡಿದ. ಗಾಡಿ ಜಪ್ಪಯ್ಯ ಎಂದರೂ ಸಾಯಲಿಲ್ಲ. "ನನ್ನ ಮುಂದ ಸಾಯಬೇಕ್ರಿ ಇದು, ಅಂದ್ರ ಹಿಡಿತೀನಿ. ಅಕ್ಕಾರ, ಬರ್ರಿ, ಒಂದ್ ರೌಂಡ್ ತೆಲಿಗಿ ಕಡೆ ಹೋಗಿ ಬರೋಣ. ನೀವು ಹೊಡೀರಿ, ನಾ ಕಿವಿಗೊಟ್ಟು ಕುಂದುರ್ತೀನಿ." ಹೇಳಿದವನು ಆಮೇಲೆ ಗಂಗಾಧರನ ಕಡೆ ನೋಡಿ, "ಬರ್ತೀರೇನ್ರಿ" ಎನ್ನುವುದಕ್ಕೆ ಬಾಯಿ ತೆರೆದು, ಮೂರನೆಯವರಿಗೆ ಜಾಗವಿಲ್ಲ ಎಂಬುದು ನೆನಪಾಗಿ ಮುಚ್ಚಿದ. ಆ ಮುಚ್ಚಿದ ಬಾಯಿ ಗಂಗಾಧರನ ಮುಂದೆ ಬಹಳ ಹೊತ್ತು ನಿಂತಿತ್ತು.

ಅವರಿಬ್ಬರೂ ಹೊರಟ ಧೂಳು ಅಡಗಿದ ಮೇಲೆ ಅವನು ಲಾರಿಯ ಸೀಟಿನ ಮೇಲೆ ಕೂತ. ಅದರ ಸ್ಪ್ರಿಂಗು ಒಂದು ಕಡೆ ಎದ್ದಿತ್ತು. ಗಾದಿಲಿಂಗಪ್ಪ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತ, "ನಿಮ್ಮ ಮನಿಯಾಗ್ನೋರು ಚಲೋ ಹೊಡೀತಾರ ಬಿಡ್ರಿ" ಅಂದ. ಇವನು ಹೂಂ ಅಂದ. "ಗಂಡ್ಸು ಹೊಡ್ದಂಗ ಹೊಡೀತಾರ." ಇವನು ಅದಕ್ಕೂ ಹೂಂ ಅಂದ. ತೆಲಿಗಿಯ ಕಡೆಯಿಂದ ಬಸ್ಸು ಬಂತು, ಎತ್ತಿನ ಗಾಡಿ ಬಂತು, ಕೆಂಪು ಕಾರು ಬರಲಿಲ್ಲ. ಒಂದು ವೇಳೆ ಅಂಜಿನಿಯೇ ಒಳಗೆ ಏನೋ ಮಾಡಿಟ್ಟಿದ್ದರೆ? ಗಾಡಿ ಮತ್ತೆ ಮತ್ತೆ ತನ್ನ ಬಾಗಿಲಿಗೆ ಬರಲಿ ಎಂದು ಒಂದು ತಂತಿಯನ್ನು ಸಡಿಲ ಬಿಟ್ಟಿದ್ದರೆ, ಅದು ಎಲ್ಲಿದೆ ಎಂದು ಅವಳಿಗೂ ಗೊತ್ತಿದ್ದರೆ? ಅವರು ಈಗ ಎಲ್ಲಿರಬಹುದು, ಕಾಲುವೆ ದಾಟಿರಬಹುದು, ಅವಳು ಬರಿಗಾಲಲ್ಲಿ ಹೊಡೆಯುತ್ತಿದ್ದಾಳೆ, ಅವನು ಕಿವಿಗೊಟ್ಟು ಕೂತಿದ್ದಾನೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ತಾನು ಯಾವತ್ತಾದರೂ ಅವಳ ಪಕ್ಕದಲ್ಲಿ ಕಿವಿಗೊಟ್ಟು ಕೂತದ್ದುಂಟೇ? ಈ ಪ್ರಶ್ನೆ ಅವನಿಗೆ ಬೇಕಿರಲಿಲ್ಲ. ಅದನ್ನು ಪಕ್ಕಕ್ಕೆ ಸರಿಸಿ ತಂತಿಯ ಯೋಚನೆಗೇ ಮರಳಿದ, ಅದು ಇದಕ್ಕಿಂತ ಹಗುರವಾಗಿತ್ತು.

ಅವ್ವ ನಾಗಲಿಂಗಮ್ಮ ತೀರಿಕೊಂಡ ಮೇಲೆ, ಶಿವಗಣಾರಾಧನೆಯ ದಿನ, ಉಂಡ ಬಂಧುಗಳೆಲ್ಲ ಎಲೆಯಡಿಕೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಗೊಂಚಲು ತಟ್ಟೆಯಲ್ಲಿತ್ತು. ಸೊಂಟಕ್ಕೆ ಸಿಕ್ಕಿಸುವ ಬೆಳ್ಳಿಯ ಕೊಕ್ಕೆಯ ಸಮೇತ. ಹಗರಿಬೊಮ್ಮನಹಳ್ಳಿಯಿಂದ ಬಂದಿದ್ದ ಸೋದರತ್ತೆ, "ಏಳಪಾ ಗಂಗಾಧರ, ಸೊಸಿ ಸೊಂಟಕ್ಕ ಹಾಕು. ಮನಿ ಅಕಿ ಕೈಗೆ ಬರ್ಲಿ" ಅಂದಳು. ಅಜ್ಜಿಯಿಂದ ಅವ್ವನಿಗೆ ಹಾಗೆಯೇ ಬಂದದ್ದು. ಗೀತಾಂಜಲಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಾಕೆಂದು ಇವತ್ತಿಗೂ ಅವನಿಗೆ ತಿಳಿಯದು, "ಆಮ್ಯಾಲ ನೋಡೋಣು ತಗೋ ಅತ್ತಿ" ಎಂದು ಗೊಂಚಲನ್ನು ಎತ್ತಿ, ಕೊಕ್ಕೆಯನ್ನು ತಟ್ಟೆಯಲ್ಲೇ ಬಿಟ್ಟು, ಜೇಬಿಗೆ ಹಾಕಿಕೊಂಡಿದ್ದ. ಗೀತಾಂಜಲಿ ಯಾರಿಗೋ ನೀರು ಬೇಕಿತ್ತೆಂಬಂತೆ ಒಳಗೆ ಹೋದಳು. ಆ 'ಆಮೇಲೆ' ಬರಲೇ ಇಲ್ಲ. ಅವಳಿಗೆ ಒಳ್ಳೆಯ ಸೀರೆ ಬೇಕಾದರೆ ಅಂಗಡಿಯ ಮೆಟ್ಟಿಲಿಗೆ ಬಂದು, "ಒಳಗಿನ ಅಲಮಾರಿ ತೆಗಿಬೇಕಿತ್ತು" ಅನ್ನುತ್ತಿದ್ದಳು. ಅವನು ಗಿರಾಕಿಯನ್ನು ಬಿಟ್ಟು ತಾನೇ ಎದ್ದು ಹೋಗಿ ತೆಗೆದು, ಅವಳು ಸೀರೆ ಆರಿಸುವವರೆಗೆ ಹಿಂದೆ ನಿಂತು, ಮತ್ತೆ ಹಾಕಿಕೊಂಡು ಬರುತ್ತಿದ್ದ. ಹಾಗೆ ನಿಂತಾಗ ಅವಳ ಬೆನ್ನು ಕಾಣುತ್ತಿತ್ತು. ಅವಳಿಗೆ ತಾನು ಬೇಕಾಗುವುದು ಇಷ್ಟಕ್ಕೆ, ಇದೂ ತಪ್ಪಿಹೋದರೆ ಇವಳು ತನ್ನನ್ನು ಏನಾದರೂ ಕೇಳುವುದಕ್ಕೆ ಬರುತ್ತಾಳೆಯೇ ಎಂದು ಅನ್ನಿಸುತ್ತಿತ್ತು. ಇತ್ತೀಚೆಗೆ ಅವಳು ಒಳ್ಳೆಯ ಸೀರೆ ಉಡುವುದನ್ನೇ ಬಿಟ್ಟಿದ್ದಳು.

ಕಾರು ಬಂತು. ಇಬ್ಬರೂ ನಗುತ್ತಿದ್ದರು. ಬೇವಿನ ಮರದ ನೆರಳಿಗೆ ಬರುವಷ್ಟರಲ್ಲಿ ನಗು ಮುಗಿದಿತ್ತು, ಆದರೆ ಅವರು ಬಿಸಿಲಿನಲ್ಲಿದ್ದಾಗಲೇ ಇವನು ನೋಡಿಬಿಟ್ಟಿದ್ದ.

"ಏನಂತ ನಗು?"

"ಏನಿಲ್ರಿ. ಎಮ್ಮಿ ಅಡ್ಡ ಬಂದಿತ್ತು" ಅಂದಳು ಗೀತಾಂಜಲಿ.

ಎಮ್ಮೆ ಅಡ್ಡ ಬಂದರೆ ಯಾರಾದರೂ ನಗುತ್ತಾರೆಯೇ? ಅವನ ಅಂಗಡಿಯ ಮುಂದೆ ದಿನಾ ಎಮ್ಮೆಗಳು ಅಡ್ಡ ಬರುತ್ತವೆ. "ಸಾಯ್ಲಿಲ್ರಿ, ಹೂವಿನಂಗ ಹೋತು" ಎಂದು ಅಂಜಿನಿ ಸೋತವನ ಹಾಗೆ ಕೈ ಕೊಡವಿದ. "ಸಾವ್ಕಾರ್ರ, ಈಗ ನೀವು ಹೊಡೀರಿ. ನಾ ಪಕ್ಕ ಕುಂದುರ್ತೀನಿ. ನಿಮ್ಮ ಕೈಯಾಗ ಸಾಯ್ತೈತಲ್ಲ, ನೋಡೇಬಿಡೋಣ." ಸ್ವಿಚ್ಚಿನಲ್ಲಿ ಆ ಒಂಟಿ ಕೀಲಿಕೈ ಹಾಗೆಯೇ ಇತ್ತು. ಗಂಗಾಧರ ಕೂತು ತಿರುಗಿಸಿದ. ಎರಡು ಕೈಯಲ್ಲೂ ಸ್ಟೀರಿಂಗು ಹಿಡಿದು, ಬೇಕೆಂದೇ ಗುಂಡಿಗಳಿಗೆ ಇಳಿಸಿ, ಉಬ್ಬುಗಳಿಗೆ ಹಾರಿಸಿ, ಸಾಯಿ ಸಾಯಿ ಎಂದು ಮನಸ್ಸಿನಲ್ಲೇ ಹೇಳುತ್ತ ಹೊಡೆದ. ಸಾಯಲಿಲ್ಲ. ಅಂಜಿನಿ ಕಣ್ಣು ಮುಚ್ಚಿ, ತಲೆ ವಾಲಿಸಿ, ಕೇಳುತ್ತ ಕೂತಿದ್ದ. ಅವನ ಮೈಯಿಂದ ಗ್ರೀಸಿನ ವಾಸನೆ, ಬೆವರಿನ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತಿನ ಕೆಳಗೆ ಇದೇ ಸೀಟಿನಲ್ಲಿ ಇದೇ ವಾಸನೆಯ ಪಕ್ಕದಲ್ಲಿ ಅವಳಿದ್ದಳು. "ನೀವೂ ಚಲೋ ಹೊಡೀತೀರಲ್ರಿ" ಎಂದು ಅಂಜಿನಿ ಕಣ್ಣು ಬಿಟ್ಟ, ಅಚ್ಚರಿಪಟ್ಟವನ ಹಾಗೆ. ಮೆಚ್ಚುಗೆ ಇಷ್ಟು ಕೆಳಗಿನಿಂದ ಬಂದು ಇಷ್ಟು ಕೆಳಗೆ ತಳ್ಳಬಹುದೆಂದು ಗಂಗಾಧರನಿಗೆ ಗೊತ್ತಿರಲಿಲ್ಲ.

ಮರಳಿದ ಮೇಲೆ ಅವನು ಕೀಲಿಕೈ ಕಿತ್ತುಕೊಂಡ. ಗಾದಿಲಿಂಗಪ್ಪ ಚಹಾ ತರಿಸಿದ್ದ. ನಿಂತೇ ಕುಡಿಯುತ್ತ, ಬೆರಳುಗಳು ತಮ್ಮಷ್ಟಕ್ಕೆ ತಾವೇ ಜೇಬಿನಿಂದ ಗೊಂಚಲನ್ನು ತೆಗೆದು ಒಂಟಿ ಕೀಲಿಕೈಯನ್ನು ಬಳೆಗೆ ಸುತ್ತಿ ಸುತ್ತಿ ಒಳಗೆ ಸೇರಿಸಿದವು. ಮನಸ್ಸು ಬೇರೆ ಲೆಕ್ಕದಲ್ಲಿತ್ತು. ಅಂಜಿನಿಯೂ ಅವಳೂ ಇದ್ದರೆ ಸಾಯುವುದಿಲ್ಲ. ತಾನೂ ಅಂಜಿನಿಯೂ ಇದ್ದರೆ ಸಾಯುವುದಿಲ್ಲ. ತನ್ನನ್ನು ಕೂರಿಸಿಕೊಂಡು ಅವಳು ಹೊಡೆದರೆ ಸಾಯುವುದಿಲ್ಲ. ಅವಳನ್ನು ಕೂರಿಸಿಕೊಂಡು ತಾನು ಹೊಡೆದರೆ ಸಾಯುತ್ತದೆ. ಅಂಜಿನಿಯೂ ಅದನ್ನೇ ಬೆರಳು ಮಡಚಿ ಎಣಿಸುತ್ತಿದ್ದ. "ಉಳಿದಿದ್ದು ಒಂದ ಜೋಡಿ. ನೀವಿಬ್ರೂ ಹೋಗಿ ಬರ್ರಿ. ಸಾವ್ಕಾರ್ರ ಹೊಡೀಲಿ, ಅಕ್ಕಾರ ಕುಂದ್ರಲಿ. ಸತ್ತ ಕೂಡ್ಲೆ ಏನೂ ಮುಟ್ಟಬ್ಯಾಡ್ರಿ, ಫೋನ್ ಹಚ್ಚರಿ, ನಾ ಅಲ್ಲಿಗೇ ಬರ್ತೀನಿ."

"ಗಂಡ ಹೇಂತಿ ಕುಂತ್ರ ಸಾಯ್ತೈತಂದ್ರ ಅದಕ್ಕ ಮೆಕ್ಯಾನಿಕ್ ಯಾಕೋ, ಹಿರ್ಯಾರನ್ನ ಕರೀ" ಎಂದ ಗಾದಿಲಿಂಗಪ್ಪ. ಎಲ್ಲರೂ ನಕ್ಕರು, ಗಂಗಾಧರನೂ ನಕ್ಕ. ನಗುವಾಗ ಅವನ ತುಟಿ ಹಲ್ಲಿಗೆ ಅಂಟಿಕೊಂಡಿತು.

ತೆಲಿಗಿ ರಸ್ತೆಯಲ್ಲಿ ಅವನು ಹೊಡೆದ, ಅವಳು ಪಕ್ಕದಲ್ಲಿ ಕೂತಳು. ಮಧ್ಯಾಹ್ನದ ಬಿಸಿಲು ತೆರೆದ ಕಾರಿನೊಳಗೆ ನೇರ ಬಿದ್ದಿತ್ತು. ಹೊಲದಲ್ಲಿ ಕಾಳು ಬಿಡಿಸುವ ಯಂತ್ರದಿಂದ ಹಾರಿದ ಮೆಕ್ಕೆಜೋಳದ ಸಿಪ್ಪೆ ಅವಳ ಕೂದಲಿಗೆ ಸಿಕ್ಕಿಕೊಂಡಿತ್ತು. ಕೈ ಚಾಚಿ ತೆಗೆಯಬಹುದಿತ್ತು. ಅವನು ಗೇರು ಬದಲಿಸಿದ. ಹಳ್ಳದ ಸೇತುವೆಯ ಹತ್ತಿರ ರಸ್ತೆ ಕಿತ್ತುಹೋಗಿತ್ತು. ಮೊದಲ ಗುಂಡಿಗೆ ಇಳಿದಾಗ ಬಲ ಹೋಯಿತು, ಬಂತು. ಅವನ ಎದೆಯೂ ಅದರ ಜೊತೆಗೆ ಹೋಗಿ ಬಂತು. ಹಾಗಾದರೆ ನಿಜ. ತಾವಿಬ್ಬರೇ ಕೂತರೆ ಸಾಯುತ್ತದೆ, ಕಬ್ಬಿಣಕ್ಕೂ ಗೊತ್ತಾಗಿದೆ. ಎರಡನೆಯ ಗುಂಡಿ. ಗೊಂಚಲು ಸ್ಟೀರಿಂಗಿನ ಕೆಳಗೆ ಗಡಿಯಾರದ ಲೋಲಕದ ಹಾಗೆ ತೂಗಿ ಅವನ ಮೊಣಕಾಲಿಗೆ ಬಡಿಯಿತು. ಬಡಿದ ಕ್ಷಣಕ್ಕೇ ಹಾಡು ನಿಂತಿತು, ಮುಳ್ಳುಗಳು ಬಿದ್ದವು. ಮೊಣಕಾಲಿನಿಂದ ಅದನ್ನು ಸರಿಸಲೆಂದು ಅವನು ಬಲಗೈಯಲ್ಲಿ ಗೊಂಚಲನ್ನು ಮೇಲಕ್ಕೆತ್ತಿದ. ಹಾಡು ಬಂತು. ಇನ್ನೂ ಉರುಳುತ್ತಿದ್ದ ಕಾರು ಒಮ್ಮೆ ಜಗ್ಗಿ ಜೀವ ಹಿಡಿಯಿತು. ಕೈ ಬಿಟ್ಟ. ಸತ್ತಿತು. ಎತ್ತಿದ. ಬಂತು.

ಅವನು ಕಾರನ್ನು ಅಂಚಿಗೆ ನಿಲ್ಲಿಸಿ, ಇಂಜಿನನ್ನು ಹಾಗೆಯೇ ಇಟ್ಟು, ಅಂಗೈಯಲ್ಲಿ ಗೊಂಚಲನ್ನು ತೂಗಿ ನೋಡಿದ. ಅಂಗಡಿ, ಗೋದಾಮು, ಗಲ್ಲಾ, ಅಲಮಾರಿ, ಟ್ರಂಕು. ಇಷ್ಟೂ ಭಾರ ಜೋತುಬಿದ್ದು ಜೋತುಬಿದ್ದು ಸ್ವಿಚ್ಚಿನ ಗಂಟಲು ಸವೆದಿತ್ತು. ಅವಳಿಗೆ ಕೊಡುವಾಗೆಲ್ಲ, ಅಂಜಿನಿಗೆ ಕೊಡುವಾಗೆಲ್ಲ, ಗೊಂಚಲನ್ನು ಕೊಡಬಾರದೆಂದು ಅದೊಂದನ್ನೇ ಬಿಡಿಸಿ ಕೊಟ್ಟವನು ತಾನೇ. ಅವನು ಪಕ್ಕಕ್ಕೆ ನೋಡಿದ. ಅವಳು ಗೊಂಚಲನ್ನು ನೋಡುತ್ತಿರಲಿಲ್ಲ, ಹಳ್ಳದ ಕಡೆ ಮುಖ ಮಾಡಿದ್ದಳು. ಆ ನೋಡದಿರುವಿಕೆಯಿಂದಲೇ ಅವನಿಗೆ ತಿಳಿದುಹೋಯಿತು.

"ನಿನಗ ಗೊತ್ತಿತ್ತು."

"ಹೂಂ."

"ಯಾವಾಗಿಂದ?"

"ಶ್ರಾವಣದಾಗ ಕೊಟ್ಟೂರು ಸಂತ್ಯಾಗ ನಿಂತಿತ್ತಲ್ಲ, ಅವತ್ತಿಂದ. ತೂಗಾಡೋದು ನೋಡಿದ್ದೆ."

"ಅಂಜಿನಿಗೆ ಹೇಳಿದ್ದಿ ಏನು?"

ಈಗ ಅವಳು ತಿರುಗಿದಳು. ಅವನು ಇಷ್ಟು ವರ್ಷ ಕಾದಿದ್ದ ತಿರುಗುವಿಕೆ ಇದೇ ಇರಬಹುದು, ಆದರೆ ಮುಖದಲ್ಲಿ ನಗುವಿರಲಿಲ್ಲ. "ನಿಮಗ ಹೇಳಲಾರದ್ದು ಅವಗ ಹೇಳ್ತೀನೇನ್ರಿ?"

ಅವನಿಗೆ ಒಂದು ಕೆಟ್ಟ ಸಂತೋಷವಾಯಿತು. ಅಂಜಿನಿಗೆ ಗೊತ್ತಿಲ್ಲ. ಅದನ್ನು ಮುಚ್ಚಿಕೊಳ್ಳಲೆಂದು ಅವನು ದನಿ ಏರಿಸಿದ: "ನನಗರ ಯಾಕ ಹೇಳ್ಲಿಲ್ಲ? ಪಂಪ್ ಹಾಕಿಸಿದೆ, ಕಾಯಿಲ್ ಹಾಕಿಸಿದೆ, ದಾರಿಯಾಗ ಕುರಿ ಕಾಯೋರ ಕೈಲಿ ಅನಿಸ್ಕೊಂಡೆ. ನೀ ಪಕ್ಕದಾಗ ಕುಂತು ನೋಡ್ತಿದ್ದಿ!"

"ಕೀಲಿಕೈ ಮಾತು ನಾ ಹೆಂಗ ಎತ್ತಲಿ?" ಅವಳ ದನಿ ಏರಲಿಲ್ಲ. "ಗೊಂಚಲ ತಗೀರಿ ಅಂದ್ರ, ಇಕಿಗೆ ಬೇಕಾಗೇತಿ ಅಂತಿದ್ರಿ." ಕೂದಲಿನಿಂದ ಮೆಕ್ಕೆಜೋಳದ ಸಿಪ್ಪೆಯನ್ನು ತಾನೇ ತೆಗೆದು ಹೊರಗೆ ಬಿಟ್ಟಳು. "ಅದೊಂದ ಅಲ್ಲ. ಸತ್ತರ ತಾನ ನನ್ನ ಕೈಗೆ ಬರ್ತಿತ್ತು? ಚಲೋ ಆದ್ರ ನೀವ ಹೊಡೀತಿದ್ರಿ. ನಾ ಪಕ್ಕದಾಗ ಕುಂದುರ್ತಿದ್ದೆ. ಅದಕ್ಕ ಸಾಯ್ಲಿ ಅಂತ ಕುಂತಿರ್ತಿದ್ದೆ. ಗೇಟ್ ಬಂತಂದ್ರ, ಈಗ ಸಾಯತೈತಿ, ಈಗ ಸಾಯತೈತಿ ಅಂತ."

ಗೊಂಚಲು ಎತ್ತಿ ಹಿಡಿದ ಕೈ ನೋಯತೊಡಗಿತು. ಇಳಿಸಿದರೆ ಕಾರು ಸಾಯುತ್ತದೆ, ಸತ್ತರೆ ಮಾತಾಡಬೇಕಾಗುತ್ತದೆ. ಬಿಡಿಸಿ ಬೇರೆ ಮಾಡಬಹುದಿತ್ತು, ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ. ಅವಳು ನೋಡುತ್ತಿದ್ದಾಳೆ ಎಂಬುದಕ್ಕೇ ಆಗಲಿಲ್ಲ. ಅವನು ಬಲಗೈಯಲ್ಲಿ ಗೊಂಚಲನ್ನು ಎತ್ತಿ ಹಿಡಿದುಕೊಂಡೇ, ಎಡಗೈಯಲ್ಲಿ ಸ್ಟೀರಿಂಗು ತಿರುಗಿಸಿ ಕಾರನ್ನು ಹರಪನಹಳ್ಳಿಯ ಕಡೆ ಹೊರಳಿಸಿದ. ಗೇರಿಗೆ ಕೈ ಉಳಿಯಲಿಲ್ಲ. ಇಂಜಿನು ಏರಿದ ದನಿಯಲ್ಲಿ ಒದರತೊಡಗಿತು.

"ಕ್ಲಚ್ ತುಳೀರಿ" ಅಂದಳು ಗೀತಾಂಜಲಿ.

ತುಳಿದ. ಅವಳ ಕೈ ಬಂದು ಗೇರನ್ನು ಹಿಂದಕ್ಕೆ ಎಳೆಯಿತು. "ಬಿಡ್ರಿ." ಬಿಟ್ಟ. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ತುಳೀರಿ." ಹಾಗೆಯೇ ಅವರು ಬಂದರು, ಒಬ್ಬನ ಕಾಲು ಒಬ್ಬಳ ಕೈ ಸೇರಿ, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಒಂದು ಕೆಲಸವನ್ನು ಕೂಡಿ ಮಾಡುತ್ತಿದ್ದ ಹಾಗೆ. ಅವಳ ಬಳೆ ಅವನ ಮೊಣಕಾಲಿಗೆ ತಗಲಿ ತಗಲಿ ಹೋಗುತ್ತಿತ್ತು. ಅವನಿಗೆ ಗ್ಯಾರೇಜು ಇನ್ನೂ ದೂರವಿರಬೇಕಿತ್ತು ಎನ್ನಿಸಿತು.

"ಸತ್ತಿತೇನ್ರಿ?" ಎಂದು ಅಂಜಿನಿ ಓಡಿ ಬಂದ. ಗಂಗಾಧರನಿಗೆ ಇಲ್ಲ ಎನ್ನಬೇಕೆನ್ನಿಸಿತು. ಇವನಿಗೆ ಯಾಕೆ ಹೇಳಬೇಕು, ಇದು ತಮ್ಮಿಬ್ಬರದು. ಆದರೆ ಎತ್ತಿ ಹಿಡಿದಿದ್ದ ಕೈ ಸೋತು ತಾನಾಗಿಯೇ ಇಳಿಯಿತು, ಬೇವಿನ ಮರದ ಕೆಳಗೆ, ಎಲ್ಲರ ಮುಂದೆ, ಕಾರು ಸತ್ತಿತು. ಅಂಜಿನಿ ಬಗ್ಗಿ ಗೊಂಚಲನ್ನು ನೋಡಿದ, ಒಮ್ಮೆ ಎತ್ತಿದ, ಒಮ್ಮೆ ಬಿಟ್ಟ, ಹಣೆ ಚಚ್ಚಿಕೊಂಡು ನೆಲಕ್ಕೆ ಕೂತುಬಿಟ್ಟ. "ಅಯ್ಯೋ ಶಿವನ! ಇದನ್ನ ನನಗ ಯಾವತ್ತೂ ತೋರ್ಸೇ ಇಲ್ಲಲ್ರಿ ನೀವು!" ಗಾದಿಲಿಂಗಪ್ಪ ಟ್ಯೂಬು ಬಿಟ್ಟು ಎದ್ದು ಬಂದ. "ಮನಿ ಭಾರೆಲ್ಲ ಗಾಡಿ ಕಿವಿಗೆ ಜೋತು ಹಾಕೀರಿ ಸಾವ್ಕಾರ್ರ, ಅದು ಹೆಂಗ ಓಡೀತು?" ನಗು ಗ್ಯಾರೇಜಿನ ಆ ತುದಿಯವರೆಗೆ ಹೋಗಿ ಬಂತು. ಗಂಗಾಧರ ಯಾರನ್ನೂ ನೋಡದೆ ಅವಳೊಬ್ಬಳನ್ನು ನೋಡಿದ, ಇವರ ಜೊತೆ ನಗುತ್ತಾಳೋ ಎಂದು. ಅವಳು ಕೆಳಗೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಳು.

ಸ್ವಿಚ್ಚು ಸವೆದಿದೆ, ಹೊಸದು ತರಿಸುತ್ತೇನೆ, ಅಲ್ಲಿಯವರೆಗೆ ಒಂಟಿ ಕೀಲಿಕೈ ಇದ್ದರೆ ಸಾಕು ಎಂದು ಅಂಜಿನಿ ಹೇಳಿದ. ಗಂಗಾಧರ ಇಳಿದು ನಿಂತು ಬಳೆಯನ್ನು ಬಿಡಿಸಲು ಹೋದ. ಉಗುರು ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಕೊನೆಗೆ ಬಂತು. ಅವನ ಒಂದು ಕೈಯಲ್ಲಿ ಕಾರಿನದು, ಇನ್ನೊಂದರಲ್ಲಿ ಗೊಂಚಲು. ಗೀತಾಂಜಲಿ ಎದುರಿಗೆ ನಿಂತಿದ್ದಳು. ಅವನು ಗೊಂಚಲಿದ್ದ ಕೈಯನ್ನು ಮುಂದೆ ಚಾಚಿದ. ಪಡಸಾಲೆಯಲ್ಲಿ ಆವತ್ತು ಆಗಬೇಕಿದ್ದದ್ದು ಇಲ್ಲಿ, ಗ್ರೀಸು ಕುಡಿದ ನೆಲದ ಮೇಲೆ, ಪಂಕ್ಚರಿನವನ ಕಣ್ಣೆದುರು ಆಗುತ್ತಿತ್ತು. "ತಗೋ" ಅಂದ.

ಅವಳು ಅದನ್ನು ನೋಡಿದಳು. ಗುಗ್ಗಿಕಡ್ಡಿಯನ್ನು ಬೆರಳ ತುದಿಯಿಂದ ಒಮ್ಮೆ ಮುಟ್ಟಿದಳು. ಆಮೇಲೆ ಅವನ ಇನ್ನೊಂದು ಕೈಯಿಂದ ಕಾರಿನ ಕೀಲಿಕೈ ತೆಗೆದುಕೊಂಡಳು.

"ಅದು ನಿಮ್ಮ ಹಂತ್ಯಾಕ ಇರ್ಲಿ. ಹತ್ರಿ, ಹೊತ್ತಾತು."

ಕೊಟ್ಟೂರಿನ ದಾರಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಒಣಹಾಕಿದ್ದ ಮೆಕ್ಕೆಜೋಳವನ್ನು ಗುಡ್ಡೆ ಮಾಡುತ್ತಿದ್ದರು. ಹಡಗಲಿಯವರ ಫೋನು ಬಂತು. ಎಷ್ಟೊತ್ತಿಗೆ ಬರೋಣ ಎಂದು ಕೇಳಿದರು. ಗಂಗಾಧರ ಗಾಳಿಯಲ್ಲಿ ಕೇಳುವ ಹಾಗೆ ದನಿಯೆತ್ತಿ, "ಬರಬ್ಯಾಡ್ರಿ. ಗಾಡಿ ಮಾರಾಂಗಿಲ್ಲ. ಮನಿಯಾಗ್ನೋರು ಹೊಡೀತಾರ" ಅಂದ. ಅವಳಿಗೆ ಕೇಳಿಸಿತೋ ಇಲ್ಲವೋ, ಗೇರು ಬದಲಿಸಿದಳು; ಅದಕ್ಕೆ ಅವನ ಕಾಲು ಬೇಕಾಗಲಿಲ್ಲ. ಗೇಟಿನ ಹತ್ತಿರ ಗಾದೆಪ್ಪ ಕುರಿಗಳ ನಡುವಿನಿಂದ ಕೋಲೆತ್ತಿ, "ಅಕ್ಕಾರ!" ಎಂದು ಕೂಗಿದ, ಅವಳು ಸ್ಟೀರಿಂಗಿನಿಂದ ಒಂದು ಕೈ ಎತ್ತಿ ನಕ್ಕಳು, ಬಾಯಿ ತುಂಬ, ಹಲ್ಲು ಕಾಣುವ ಹಾಗೆ. ಮುದಿ ಕುರುಬನಿಗೆ. ಪಕ್ಕದಲ್ಲಿ ಕೂತ ಗಂಗಾಧರನಿಗಲ್ಲ. ಕಾರು ಹಳಿಗಳ ಉಬ್ಬು ಹತ್ತಿತು, ಇಳಿಯಿತು. ಇಳಿಯುವಾಗ ಅವನ ಕೈ ತನಗೆ ತಾನೇ ತೊಡೆಯ ಮೇಲಿದ್ದ ಗೊಂಚಲನ್ನು ಗಟ್ಟಿಯಾಗಿ ಹಿಡಿದು ಮೇಲಕ್ಕೆ ಎತ್ತಿತು. ಹಾಡು ನಿಲ್ಲಲಿಲ್ಲ. ಉಬ್ಬು ಹಿಂದೆ ಹೋಗಿ ಬಹಳ ಹೊತ್ತಾದರೂ ಅವನು ಅದನ್ನು ಹಾಗೆಯೇ ಎತ್ತಿ ಹಿಡಿದುಕೊಂಡಿದ್ದ.